ಪಿ-ಐವತ್ತಮೂರೂ ಮೊಸರನ್ನವೂ

ವಿಜ್ಞಾನಿಗಳ ನಡುವೆ ಕೆಲಸ ಮಾಡುವವರಿಗೆ ನಗುವಿಗೆ ಬರವಿಲ್ಲ. ನಗು ಬಂದಾಗ ಮುಖವನ್ನು ಗಂಭೀರವಾಗಿ ಇಟ್ಟುಕೊಳ್ಳುವ ಅಭ್ಯಾಸವೊಂದಿದ್ದರೆ ಸಾಕು. ನನಗೆ ಆ ಅಭ್ಯಾಸ ಚೆನ್ನಾಗಿಯೇ ಆಗಿದೆ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ., ಫಸ್ಟ್ ಕ್ಲಾಸ್. ಆಮೇಲೆ ಮದುವೆ, ಮಕ್ಕಳು, ಅಮೆರಿಕ. ತೊಂಬತ್ತರ ದಶಕದಲ್ಲಿ ಗೈದರ್ಸ್‌ಬರ್ಗ್‌ನ ಒಂದು ಕ್ಯಾನ್ಸರ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಟೆಕ್ನಿಷಿಯನ್ ಎಂದರೆ ಕೆಲಸವನ್ನೆಲ್ಲ ಮಾಡಿ, ಕೆಟ್ಟರೆ ಬೈಸಿಕೊಂಡು, ಕೂಡಿಬಂದರೆ ಫೋಟೋ ತೆಗೆಯಲು ಪಕ್ಕಕ್ಕೆ ಸರಿದು ನಿಲ್ಲುವವಳು.

ಲ್ಯಾಬಿನಲ್ಲಿ ನಾವು ಮೂವರು. ನಾರ್ತ್ ಕ್ಯಾರೊಲೈನಾದ ಆರಡಿ ಎತ್ತರದ ಬಾಸ್, ಹೊಸದಾಗಿ ಪಿಎಚ್.ಡಿ. ಪಡೆದು ಬಂದಿದ್ದ ಪೋಸ್ಟ್‌ಡಾಕ್, ಮತ್ತು ನಾನು. ಪಿ-ಐವತ್ತಮೂರು ಎಂಬ ಪ್ರೋಟೀನನ್ನು ಹುಡುಕಿ ಹಿಡಿಯುವ ಹೊಸ ಆಂಟಿಬಾಡಿಯೊಂದನ್ನು ತಯಾರಿಸುವುದು ನಮ್ಮ ಕೆಲಸ. ಅದನ್ನು ಮಾಡುವ ಜೀವಕಣಗಳಿಗೆ ಶನಿವಾರ ಭಾನುವಾರವೆನ್ನದೆ ಉಣ್ಣಿಸಿ, ಬೆಳೆಸಿ, ದೊಡ್ಡವರನ್ನಾಗಿ ಮಾಡಿದವಳು ನಾನು. ನನಗೆ ಬೇಕಾಗಿದ್ದದ್ದು ಒಂದೇ: ಸಂಶೋಧನೆಯ ಪೇಪರ್ ಅಚ್ಚಾದಾಗ ಲೇಖಕರ ಸಾಲಿನಲ್ಲಿ ನನ್ನ ಹೆಸರು. ಅಲ್ಲಿಯವರೆಗಿನ ಪೇಪರುಗಳಲ್ಲೆಲ್ಲ ನಾನು ಕೊನೆಯ ಪುಟದ ಕೃತಜ್ಞತೆಯಲ್ಲಿದ್ದೆ. ಒಮ್ಮೆಯಂತೂ ಇಲಿಗಳನ್ನು ಒದಗಿಸಿದವರ ನಂತರ.

ಈ ಸಲ ಬಾಸ್ ಮಾತು ಕೊಟ್ಟಿದ್ದರು. "ಈ ಆಂಟಿಬಾಡಿ ಕೆಲಸ ಮಾಡಿದರೆ ನಿಮ್ಮ ಹೆಸರು ಮೇಲೆ ಬರುತ್ತೆ, ಮಿಸೆಸ್ ಆರ್." ಬಾಸ್ ಕೊಟ್ಟ ಮಾತು. ಅದು ಕೆಡದ ಹಾಗೆ ಕಾಪಾಡುವ ಫ್ರಿಜ್ಜು ಮಾತ್ರ ನಮ್ಮ ಲ್ಯಾಬಿನಲ್ಲಿರಲಿಲ್ಲ.

ಛತ್ರದಲ್ಲಿ ಸೋದರತ್ತೆ

ಹತ್ತಿರದ ಹರ್ನ್‌ಡನ್‌ನಲ್ಲಿ ಕನ್ನಡದವರ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಕೂಟ. ನಮ್ಮ ಯಜಮಾನರು ನನ್ನನ್ನು ಎಲ್ಲರಿಗೂ ಪರಿಚಯಿಸುವುದು ಹೀಗೆ: "ನಮ್ಮನೆಯವಳು. ಇಲಿ ಸಾಕ್ತಾಳೆ."

ಸಾಫ್ಟ್‌ವೇರ್‌ನ ಯುವಕರೆಲ್ಲ ತಟ್ಟೆ ಹಿಡಿದು ಸುತ್ತ ನಿಂತರು. ಒಬ್ಬ ಕೇಳಿದ, "ಆಂಟಿ, ಆ ಆಂಟಿಬಾಡಿ ಅಂದ್ರೆ ಏನು? ಒಂಚೂರು ಸಿಂಪಲ್ಲಾಗಿ ಎಕ್ಸ್‌ಪ್ಲೇನ್ ಮಾಡ್ತೀರಾ?"

"ನೋಡಪ್ಪ, ಮೈಯ ಪ್ರತಿಯೊಂದು ಕಣದಲ್ಲೂ ಒಬ್ಬ ವಾಚ್‌ಮನ್ ಇದ್ದಾನೆ. ಕಣ ಕೆಟ್ಟರೆ, 'ನೀನು ಬೆಳೀಬೇಡ, ನಿಂತ್ಕೋ' ಅಂತ ತಡೀತಾನೆ. ಅವನೇ ಪಿ-ಐವತ್ತಮೂರು. ಅವನೇ ಕೆಟ್ಟರೆ ಕ್ಯಾನ್ಸರ್‌ಗೆ ಬಾಗಿಲು ತೆಗೆದ ಹಾಗೆ."

"ಅವನನ್ನ ಹುಡುಕೋದು ಹೇಗೆ?"

"ಮದುವೆ ಛತ್ರಕ್ಕೆ ಸೋದರತ್ತೆನ ಬಿಟ್ಟ ಹಾಗೆ. ಸಾವಿರ ಜನ ಇರಲಿ, ನೇರ ಹೋಗಿ ತನ್ನ ಅಣ್ಣನ ಮಗನ ಕೈ ಹಿಡ್ಕೋತಾಳೆ, ಬಿಡೋದಿಲ್ಲ. ಅದು ಆಂಟಿಬಾಡಿ. ಅತ್ತೆ ನಮ್ಮ ಕಣ್ಣಿಗೆ ಕಾಣಲ್ಲ. ಅದಕ್ಕೆ ಅತ್ತೆ ಹಿಂದೆ ಇನ್ನೊಬ್ಬನನ್ನ ಬಣ್ಣದ ಡಬ್ಬ ಕೊಟ್ಟು ಕಳಿಸ್ತೀವಿ. ಅತ್ತೆ ಎಲ್ಲಿ ನಿಂತಿದ್ದಾಳೋ ಅಲ್ಲಿ ಅವನು ಕಂದು ಬಣ್ಣ ಬಳೀತಾನೆ."

"ಓ, ಕಂದು ಬಣ್ಣ ಬಂದ್ರೆ ವಾಚ್‌ಮನ್ ಇದ್ದಾನೆ. ಸೋ, ಗುಡ್."

"ಅಲ್ಲ, ಬ್ಯಾಡ್. ಕೆಲಸ ಮಾಡೋ ವಾಚ್‌ಮನ್ ಬರ್ತಾನೆ, ಕೆಲಸ ಮುಗಿಸ್ತಾನೆ, ಹೊರಟುಹೋಗ್ತಾನೆ. ಕಣ್ಣಿಗೇ ಬೀಳಲ್ಲ. ಕೆಟ್ಟುಹೋದವನು ಮಾತ್ರ ಹೋಗೋದೇ ಇಲ್ಲ. ಗುಂಪುಗುಂಪಾಗಿ ಅಲ್ಲೇ ಕೂತಿರ್ತಾನೆ. ಜಾಸ್ತಿ ಕಂದು ಕಂಡ್ರೆ ಅಲ್ಲಿ ಕೆಲಸ ನಡೀತಾ ಇಲ್ಲ ಅಂತ ಅರ್ಥ."

ಅಷ್ಟು ಹೊತ್ತು ಸುಮ್ಮನೆ ಬಿಸಿಬೇಳೆಬಾತ್ ತಿನ್ನುತ್ತಿದ್ದ ಒಬ್ಬ ತಟ್ಟೆಯಿಂದ ತಲೆ ಎತ್ತಿದ. ಪಾಪ, ಅವನು ವಾಷಿಂಗ್ಟನ್‌ನ ಯಾವುದೋ ಸರ್ಕಾರಿ ಕಚೇರಿಯಲ್ಲಿ ಕಾಂಟ್ರ್ಯಾಕ್ಟರ್. "ಆಂಟಿ, ಇದನ್ನ ಮನುಷ್ಯರ ಮೈಗೆ ಮಾತ್ರ ಹಾಕ್ತೀರಾ? ನಮ್ಮ ಪ್ರಾಜೆಕ್ಟ್ ಆಫೀಸ್‌ಗೂ ಒಂದ್ಸಲ ಹಾಕಿ ನೋಡಬಹುದಾ?"

"ಬೇಡಪ್ಪ," ಎಂದೆ. "ಅಷ್ಟೊಂದು ಕಂದು ಬಣ್ಣ ನಮ್ಮ ಲ್ಯಾಬಿನಲ್ಲಿಲ್ಲ."

ಹಾಲಲ್ಲದ ಹಾಲು

ಸೋದರತ್ತೆಗೆ ಒಂದು ದುರಭ್ಯಾಸವಿದೆ. ಖಾಲಿ ಜಾಗ ಕಂಡಲ್ಲೆಲ್ಲ ಕೂತುಬಿಡುತ್ತಾಳೆ. ಅದಕ್ಕೇ, ಆಂಟಿಬಾಡಿ ಹಾಕುವ ಮೊದಲು ನಾವು ಪ್ರೋಟೀನ್ ಹಿಡಿದಿಟ್ಟ ಹಾಳೆಯನ್ನು ಹಾಲಿನಲ್ಲಿ ನೆನೆಸುತ್ತೇವೆ. ಖಾಲಿ ಜಾಗವೆಲ್ಲ ಹಾಲಿನಿಂದ ತುಂಬುತ್ತದೆ. ಹಾಲೆಂದರೆ ವಿಶೇಷವಾದದ್ದೇನಲ್ಲ, ಅಂಗಡಿಯಲ್ಲಿ ಸಿಗುವ ಕೆನೆ ತೆಗೆದ ಹಾಲಿನ ಪುಡಿ. ಕ್ಯಾನ್ಸರ್ ಸಂಶೋಧನೆಯ ಅರ್ಧ ಭಾಗ ದಿನಸಿ ಅಂಗಡಿಯ ಮೇಲೆ ನಿಂತಿದೆ ಎಂದು ಜನರಿಗೆ ಗೊತ್ತಿಲ್ಲ.

ಒಂದು ದಿನ ಪುಡಿ ಮುಗಿದಿತ್ತು. ಪೋಸ್ಟ್‌ಡಾಕ್ ತಾನೇ ಹೋಗಿ ತರುತ್ತೇನೆಂದ. ತಂದ. ನೆನೆಸಿದ. ಆಂಟಿಬಾಡಿ ಹಾಕಿದ. ಅತ್ತೆ ಕೂತಲ್ಲಿ ಮಾತ್ರ ಕಪ್ಪಾಗಬೇಕಾದ ಎಕ್ಸ್‌ರೇ ಫಿಲಂ ಹಿಡಿದು ಡಾರ್ಕ್‌ರೂಮಿನಿಂದ ಹೊರಬಂದಾಗ ಅದು ಅಮಾವಾಸ್ಯೆಯ ಆಕಾಶದಂತಿತ್ತು.

ಬಾಸ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಸಿಗ್ನಲ್ ಬಹಳ ಸ್ಟ್ರಾಂಗಾಗಿದೆ," ಎಂದರು. ಅವರು ಮೂಲತಃ ಆಶಾವಾದಿ.

ನನಗೆ ಮಾತ್ರ ಇನ್ನೊಂದು ವಿಷಯ ವಿಚಿತ್ರವಾಗಿ ಕಂಡಿತ್ತು. ಬೆಳಗಿನಿಂದ ಲ್ಯಾಬು ಘಮಘಮ ಎನ್ನುತ್ತಿತ್ತು. ಕಸದ ಡಬ್ಬ ತೆರೆದು ನೋಡಿದೆ. ಒಳಗೆ ಕಾಫಿಗೆ ಹಾಕುವ ಕ್ರೀಮರ್‌ನ ಡಬ್ಬಿ. ಹೇಜಲ್‌ನಟ್ ಪರಿಮಳದ್ದು. ಮೇಲೆ ಬೆರಳುದ್ದದ ಅಕ್ಷರಗಳಲ್ಲಿ, ಇದರಲ್ಲಿ ಹಾಲಿಲ್ಲ ಎಂದು ಬರೆದಿತ್ತು.

"ಅಂಗಡಿಯಲ್ಲೂ ಹಾಲಿನ ಪುಡಿ ಖಾಲಿಯಾಗಿತ್ತು," ಎಂದ ಪೋಸ್ಟ್‌ಡಾಕ್. "ಇದೂ ಬಿಳೀನೇ ಅಲ್ವಾ?"

"ನಿಜ," ಎಂದೆ. "ಪುಣ್ಯ ಕಣಪ್ಪ, ಅಂಗಡಿಯವನ ಹತ್ತಿರ ಸುಣ್ಣ ಇರಲಿಲ್ಲ."

ಇಲಿಯ ಮನೆಯಲ್ಲಿ ಇಲಿ

ಈ ಕೆಲಸದಲ್ಲಿ ನಮಗೊಬ್ಬರು ಪಾಲುದಾರರಿದ್ದರು, ಅಟ್ಲಾಂಟಾದ ಪ್ರೊಫೆಸರ್. ಬೆಳ್ಳಿ ಕೂದಲಿನ ಹಿರಿಯ ಹೆಂಗಸು. ಡೀನ್‌ನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರನ್ನೂ ಪ್ರೀತಿಯಿಂದ ಇಂಗ್ಲಿಷಿನ 'ಹನಿ' ಎಂದು ಕರೆಯುವವರು. ಅವರು ಇಲಿಯ ಕ್ಯಾನ್ಸರ್ ಗೆಡ್ಡೆಯ ತೆಳು ಚೂರುಗಳನ್ನು ಸ್ಲೈಡುಗಳ ಮೇಲಿಟ್ಟು ಕಳುಹಿಸಿದರು. ಪೋಸ್ಟ್‌ಡಾಕ್ ನಮ್ಮ ಹೊಸ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟ. ಎಲ್ಲ ಕಂದು. ಗೆಡ್ಡೆ ಕಂದು, ಗೆಡ್ಡೆಯ ಪಕ್ಕದ್ದು ಕಂದು, ಅಂಚು ಕಂದು.

ಬಾಸ್ ಕುಣಿದಾಡಿಬಿಟ್ಟರು. ಆರಡಿಯ ಮನುಷ್ಯ ಕುಣಿದರೆ ಆ ಪುಟ್ಟ ಲ್ಯಾಬಿನಲ್ಲಿ ಉಳಿದವರು ಗೋಡೆಗೆ ಅಂಟಿಕೊಳ್ಳಬೇಕು. ಅಂಟಿಕೊಂಡೇ ಹೇಳಿದೆ, "ಸರ್, ಮೊದಲ ಆಂಟಿಬಾಡಿ ಹಾಕದೆ ಒಂದು ಸ್ಲೈಡ್ ಮಾಡಿ ನೋಡೋಣ."

"ಟೈಮಿಲ್ಲ, ಮಿಸೆಸ್ ಆರ್.!" ಎಂದವರೇ ಅಟ್ಲಾಂಟಾಗೆ ಫೋನ್ ಮಾಡಿ, ನಾವು ಕಂಡದ್ದನ್ನು ಜಗತ್ತು ಇನ್ನೂ ಕಂಡಿಲ್ಲ ಎಂದುಬಿಟ್ಟರು.

ನಾನು ಸುಮ್ಮನೆ ಹೋಗಿ ಆ ಸ್ಲೈಡ್ ಮಾಡಿದೆ. ಸೋದರತ್ತೆಯನ್ನು ಕಳಿಸಲೇ ಇಲ್ಲ, ಬಣ್ಣದ ಡಬ್ಬದವನನ್ನು ಮಾತ್ರ ಕಳಿಸಿದೆ. ಆದರೂ ಎಲ್ಲ ಕಂದು. ವಿಷಯ ಇಷ್ಟೇ. ನಮ್ಮ ಆಂಟಿಬಾಡಿ ಹುಟ್ಟಿದ್ದು ಇಲಿಯಿಂದ. ಹಾಗಾಗಿ ಬಣ್ಣದವನಿಗೆ ನಾವು ಹೇಳಿ ಕಳಿಸುವುದು, 'ಇಲಿಯ ಕಡೆಯವರು ಯಾರು ಸಿಕ್ಕಿದರೂ ಬಣ್ಣ ಬಳಿ' ಎಂದು. ಮನುಷ್ಯರ ಗೆಡ್ಡೆಯಾದರೆ ಇಲಿಯ ಕಡೆಯವಳು ನಮ್ಮ ಅತ್ತೆ ಒಬ್ಬಳೇ. ಇಲಿಯ ಗೆಡ್ಡೆಯಲ್ಲಿ? ಅದು ಇಲಿಯದೇ ಮನೆ. ಬೀಗರು, ನೆಂಟರು, ಅಡುಗೆಯವರು ಎಲ್ಲ ಇಲಿಯ ಕಡೆಯವರೇ. ಅವನು ಒಬ್ಬರನ್ನೂ ಬಿಟ್ಟಿರಲಿಲ್ಲ.

ಬಾಸ್ ಎರಡು ಸ್ಲೈಡುಗಳನ್ನೂ ಬಹಳ ಹೊತ್ತು ನೋಡಿದರು. "ಅಂದರೆ, ನಾವು ಇಲ್ಲಿ ತೋರಿಸಿಕೊಟ್ಟದ್ದು ಏನು?" ಎಂದರು ಸಣ್ಣ ದನಿಯಲ್ಲಿ.

"ಇಲಿ ಇಲಿಯೇ ಹೌದು ಅಂತ ಸರ್."

ಇದು ಅಟ್ಲಾಂಟಾದ ಕಿವಿಗೂ ಬಿತ್ತು. ಮರುದಿನ ಪ್ರೊಫೆಸರ್ ಫೋನ್ ಮಾಡಿ, "ಹನಿ, ಮುಂದಿನ ವಾರ ಬೆಕ್ಕು ಕಳಿಸಲೇ? ಅದೂ ಬೆಕ್ಕೇ ಹೌದಾ ನೋಡಿ ಹೇಳ್ತೀಯಾ?" ಎಂದರಂತೆ. ಅಂದಿನಿಂದ ಬಾಸ್ ಅವರೊಂದಿಗೆ ಮಾತು ಬಿಟ್ಟರು. ಏನಿದ್ದರೂ ಫ್ಯಾಕ್ಸ್. ಗಂಡಹೆಂಡಿರ ಜಗಳದಲ್ಲಿ ಮಗುವಿನ ಕೈಲಿ ಹೇಳಿ ಕಳಿಸುತ್ತಾರಲ್ಲ, ಹಾಗೆ.

ಉಪ್ಪಿನಕಾಯಿ ಕಾನೂನು

ನನ್ನ ಆಂಟಿಬಾಡಿಯ ದೊಡ್ಡ ಬಾಟಲಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಬೇಕಾದವರು ಕೇಳಬೇಕು, ನಾನು ಸಣ್ಣ ಟ್ಯೂಬಿಗೆ ಹಾಕಿ ಕೊಡುತ್ತೇನೆ. ಒದ್ದೆ ಕೈ ಕೂಡದು, ಬಳಸಿದ ಪಿಪೆಟ್ಟಿನ ತುದಿಯನ್ನು ಮತ್ತೆ ಅದ್ದಕೂಡದು, ಮುಚ್ಚಳ ತೆರೆದಿಟ್ಟು ಮಾತಾಡಕೂಡದು. ನಮ್ಮಜ್ಜಿ ಮಾವಿನಮಿಡಿ ಜಾಡಿಗೆ ಮಾಡಿದ್ದ ಕಾನೂನು ಇದೇ. ಆ ಜಾಡಿ ನಾಲ್ಕು ವರ್ಷ ಕೆಟ್ಟಿರಲಿಲ್ಲ.

ಪೋಸ್ಟ್‌ಡಾಕ್ ಒಂದು ದಿನ ಬಾಗಿಲಲ್ಲಿ ನಿಂತು, "ಮಿಸೆಸ್ ಆರ್., ನಾನು ಒಳಗೆ ಬರಬೇಕಾದರೆ ಸ್ನಾನ ಮಾಡಿರಬೇಕಾ?" ಎಂದ.

"ಕ್ರೀಮರ್ ತಂದವನು ಎರಡು ಸಲ ಮಾಡಿರಬೇಕು," ಎಂದೆ. ನನ್ನ ಮಾತನ್ನು ನಾನೇ ಮೆಚ್ಚಿಕೊಂಡೆ.

ಅದೇ ಮಧ್ಯಾಹ್ನ ಊಟ ಬಿಚ್ಚಿದರೆ ನನ್ನ ಡಬ್ಬಿಯಲ್ಲಿ ಚಪಾತಿ ಇತ್ತು, ಉಪ್ಪಿನಕಾಯಿ ಇರಲಿಲ್ಲ. ಲ್ಯಾಬಿಗೆ ಬಂದು ನೋಡಿದೆ. ಆಂಟಿಬಾಡಿಯ ಫ್ರಿಜ್ಜಿನಲ್ಲಿ, ದಿನಾಂಕ ಸಮೇತ ಚೀಟಿ ಅಂಟಿಸಿಕೊಂಡು, ನನ್ನ ಕೈಯಾರೆ ಸಣ್ಣ ಟ್ಯೂಬಿಗೆ ಹಾಕಿದ್ದ ನಿಂಬೆಕಾಯಿ ಉಪ್ಪಿನಕಾಯಿ ನಿಂತಿತ್ತು. ಪೋಸ್ಟ್‌ಡಾಕ್ ಅದನ್ನು ನೋಡಿದ. ಕೈ ತೊಳೆದುಕೊಂಡು ಬಂದು, ಒರೆಸಿಕೊಂಡು, ಕೈ ಕಟ್ಟಿ ನಿಂತ.

ಹೆದ್ದಾರಿಯಲ್ಲಿ ಸತ್ಯ

ಕೊನೆಯ ಪರೀಕ್ಷೆ ಅಟ್ಲಾಂಟಾದಲ್ಲಿ. ಅವರ ಹತ್ತಿರ ಮನುಷ್ಯರ ಗೆಡ್ಡೆಗಳ ಸ್ಲೈಡುಗಳಿದ್ದವು. ಯಾವುದರಲ್ಲಿ ವಾಚ್‌ಮನ್ ಕೆಟ್ಟಿದ್ದಾನೆ ಎಂದು ಅವರಿಗೆ ಮೊದಲೇ ಗೊತ್ತು. ನಮ್ಮ ಆಂಟಿಬಾಡಿ ಅದನ್ನು ಸರಿಯಾಗಿ ಹೇಳಿದರೆ ಪೇಪರ್, ಪೇಪರ್ ಬಂದರೆ ನನ್ನ ಹೆಸರು.

ಬಾಸ್ ಆಂಟಿಬಾಡಿಯನ್ನು ಒಮ್ಮೆ ಕೊರಿಯರಿನಲ್ಲಿ ಕಳಿಸಿದ್ದರು, ಬೇಸಿಗೆಯಲ್ಲಿ, ಶುಕ್ರವಾರ ಸಂಜೆ. ಮುಂದಿನ ಸೋಮವಾರವೂ ರಜ ಎಂಬುದು ಕ್ಯಾನ್ಸರಿನ ಗುಟ್ಟು ಹುಡುಕುವವರಿಗೆ ಹೊಳೆದಿರಲಿಲ್ಲ. ಅದು ಬೆಂದ ಮೊಟ್ಟೆಯ ಬಿಳಿಯಂತಾಗಿ ತಲುಪಿತ್ತು. ಹಾಗಾಗಿ ಈ ಸಲ ನಾನೇ ಒಯ್ಯುತ್ತೇನೆಂದೆ. ಹೇಗೂ ನಾವು ಅಟ್ಲಾಂಟಾದ ಆಚೆ ಕಮ್ಮಿಂಗ್‌ಗೆ ಹೊರಟಿದ್ದೆವು, ಯಜಮಾನರ ಸ್ನೇಹಿತರ ಹೊಸ ಮನೆಯ ಗೃಹಪ್ರವೇಶಕ್ಕೆ.

ಕಾರಿನಲ್ಲಿ ಎರಡು ಐಸ್ ಪೆಟ್ಟಿಗೆಗಳು, ಒಂದೇ ಅಂಗಡಿಯ ಒಂದೇ ಬಣ್ಣದವು. ಒಂದರಲ್ಲಿ ಆಂಟಿಬಾಡಿಯ ಟ್ಯೂಬುಗಳು, ಇನ್ನೊಂದರಲ್ಲಿ ಗೃಹಪ್ರವೇಶಕ್ಕೆ ಒಯ್ಯುತ್ತಿದ್ದ ಮೊಸರನ್ನ. ಅಚ್ಚುಕಟ್ಟು ನನ್ನ ರಕ್ತದಲ್ಲೇ ಇದೆ. ಎರಡರ ಮುಚ್ಚಳದ ಮೇಲೂ ದಪ್ಪಕ್ಷರದಲ್ಲಿ ಬರೆದು ಟೇಪು ಹಚ್ಚಿದ್ದೆ.

ಸೌತ್ ಕ್ಯಾರೊಲೈನಾದಲ್ಲಿ ಪೊಲೀಸ್ ನಿಲ್ಲಿಸಿದ. ಸ್ಪೀಡಿಂಗ್. ಯಜಮಾನರು ಸಮವಸ್ತ್ರ ಕಂಡರೆ ಕೇಳಿದ್ದಕ್ಕೆಲ್ಲ ಸತ್ಯ ಹೇಳುವ ಜಾತಿ.

"ಪೆಟ್ಟಿಗೆಯಲ್ಲಿ ಏನಿದೆ?"

"ಸರ್, ಒಂದರಲ್ಲಿ ಇಲಿಯಿಂದ ತೆಗೆದ ಪ್ರೋಟೀನು. ಕ್ಯಾನ್ಸರ್ ಹುಡುಕುತ್ತೆ. ಇನ್ನೊಂದರಲ್ಲಿ ಮೊಸರು ಕಲಸಿದ ಅನ್ನ. ಅದು ತಿನ್ನೋದಕ್ಕೆ."

ಪೊಲೀಸ್ ಬಗ್ಗಿ ನನ್ನನ್ನು ನೋಡಿದ. "ಆ ಮೊದಲನೇದು ಕೆಲಸ ಮಾಡುತ್ತಾ, ಮ್ಯಾಮ್? ನಮ್ಮ ತಾಯಿಗೆ ಸ್ತನದ ಕ್ಯಾನ್ಸರ್."

ನನಗೆ ಕೊಂಕು ಮಾತು ಸಿಗದೇ ಹೋದದ್ದು ಅದೊಂದೇ ಸಲ. "ಇದು ವಾಸಿ ಮಾಡಲ್ಲಪ್ಪ," ಎಂದೆ. "ಯಾವ ಗೆಡ್ಡೆಯಲ್ಲಿ ಏನು ಕೆಟ್ಟಿದೆ ಅಂತ ತೋರಿಸುತ್ತೆ. ಅದು ಸರಿಯಾಗಿ ತೋರಿಸುತ್ತಾ ಅಂತ ನೋಡೋದಕ್ಕೇ ಹೊರಟಿದ್ದೀವಿ."

ಅವನು ಟೋಪಿ ಸರಿಮಾಡಿಕೊಂಡು, "ನಿಧಾನಕ್ಕೆ ಹೋಗಿ. ಅದು ತಲುಪಬೇಕು," ಎಂದು ಹಾಗೇ ಬಿಟ್ಟ. ಟಿಕೆಟ್ ಕೊಡಲಿಲ್ಲ.

ಹತ್ತು ಮೈಲಿಯವರೆಗೆ ಸ್ಪೀಡ್ ಮಿತಿಯೊಳಗೇ ಹೋದೆವು. ಆಮೇಲೆ ಯಜಮಾನರು ಗಂಟಲು ಸರಿಮಾಡಿಕೊಂಡು, "ಇನ್ಮೇಲೆ ಕಾರಿನಲ್ಲಿ ಯಾವಾಗಲೂ ಒಂದು ಪೆಟ್ಟಿಗೆ ಇಟ್ಟಿರೋಣ ಕಣೇ," ಎಂದರು.

ಐಸಿನಲ್ಲಿ ಬಂದ ಗಂಗೆ

ಸ್ವಲ್ಪ ಮುಂದೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ, ಎರಡು ಪೆಟ್ಟಿಗೆಗೂ ಹೊಸ ಐಸ್ ತುಂಬಿ ಎಂದು ಹೇಳಿ ನಾನು ಮುಖ ತೊಳೆಯಲು ಹೋದೆ. ಯಜಮಾನರು ಎರಡನ್ನೂ ತೆರೆದು, ಐಸ್ ತುಂಬಿ, ಮುಚ್ಚಿ, ಟೇಪು ಹಚ್ಚಿ, ಶಹಭಾಸ್‌ಗಿರಿಗಾಗಿ ಕಾದು ನಿಂತಿದ್ದರು. ಕೊಟ್ಟೆ. ಆ ಮುಚ್ಚಳಗಳು ಅದಲುಬದಲಾಗಿದ್ದವು ಎಂಬುದು ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶನಿವಾರ ಅಟ್ಲಾಂಟಾದಲ್ಲಿ ಪ್ರೊಫೆಸರ್ ಇರಲಿಲ್ಲ. 'ಆಂಟಿಬಾಡಿ' ಎಂದು ಬರೆದಿದ್ದ ಪೆಟ್ಟಿಗೆಯನ್ನು ಅವರ ವಿದ್ಯಾರ್ಥಿನಿಯ ಕೈಗೆ ಕೊಟ್ಟು, ತಣ್ಣನೆ ಕೋಣೆಯಲ್ಲಿ ಇಡಲು ಹೇಳಿ, ಕಮ್ಮಿಂಗ್‌ಗೆ ಹೋದೆವು.

ಭಾನುವಾರ ಬೆಳಗ್ಗೆ ಗೃಹಪ್ರವೇಶ. ಇನ್ನೂ ಹುಲ್ಲು ಹುಟ್ಟದ ಅಂಗಳ, ಪೇಂಟಿನ ವಾಸನೆ, ಹೊಗೆ ಕಂಡೊಡನೆ ಕೂಗುವ ಅಲಾರಂ. ಪುರೋಹಿತರು ವಾರದ ದಿನಗಳಲ್ಲಿ ಡೇಟಾಬೇಸ್ ಪ್ರೋಗ್ರಾಮರ್. ನಾನು ಮಹಡಿಯ ಮೇಲೆ ಸೀರೆ ಉಡುತ್ತಿದ್ದೆ. ಕೆಳಗಿನಿಂದ ಮನೆಯಾಕೆಯ ಸಂಭ್ರಮದ ದನಿ ಕೇಳಿಸಿತು.

"ನೋಡಿ, ಮೊಸರನ್ನ ಅಂತ ಮೇಲೆ ಬರೆದು ಒಳಗೆ ಸರ್‌ಪ್ರೈಸ್ ಇಟ್ಟಿದ್ದಾರೆ! ಪುಟ್ಟಪುಟ್ಟ ಟ್ಯೂಬಲ್ಲಿ ಗಂಗಾಜಲ! ಐಸಲ್ಲಿಟ್ಟು ತಂದಿದ್ದಾರೆ ಅಂದ್ರೆ ಹಿಮಾಲಯದ್ದೇ ಇರಬೇಕು!"

ನೆರಿಗೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಪುರೋಹಿತರು ಆಗಲೇ ಒಂದು ಟ್ಯೂಬನ್ನು ಪಂಚಪಾತ್ರೆಗೆ ಸುರಿದು, ಮಾವಿನೆಲೆಯಲ್ಲಿ ಅದ್ದಿ ಹೊಸಿಲು, ಅಡುಗೆಮನೆ, ಗ್ಯಾರೇಜು ಎಲ್ಲ ಪ್ರೋಕ್ಷಿಸಿ ಮುಗಿಸಿದ್ದರು. ಎರಡನೆಯ ಟ್ಯೂಬಿನ ಮುಚ್ಚಳದ ಮೇಲೆ ಅವರ ಹೆಬ್ಬೆರಳಿತ್ತು.

"ನಿಲ್ಸಿ! ಅದು ಗಂಗಾಜಲ ಅಲ್ಲ!"

ಮನೆಯಾಕೆ ಹೊಸಿಲನ್ನೂ ನನ್ನನ್ನೂ ನೋಡಿದರು. "ಮತ್ತೇನ್ರೀ ಅದು? ಹೊಸಿಲಿಗೆಲ್ಲ ಹಾಕಿಬಿಟ್ವಲ್ಲ!"

ಸುಳ್ಳು ಹೇಳುವುದಕ್ಕೆ ಸಮಯವಿರಲಿಲ್ಲ. "ಲ್ಯಾಬಿಂದು. ಇಲಿಯಿಂದ ತೆಗೆದದ್ದು."

ಎಲ್ಲರೂ ಪುರೋಹಿತರ ಕಡೆ ತಿರುಗಿದರು. ಅವರು ಮಾವಿನೆಲೆಯನ್ನೂ, ಪಂಚಪಾತ್ರೆಯನ್ನೂ, ಅಷ್ಟು ದೂರದಿಂದ ಬಂದ ನೆಂಟರನ್ನೂ, ಮತ್ತೆ ಮೊದಲಿನಿಂದ ಶುರುಮಾಡಿದರೆ ಊಟ ಎಷ್ಟು ತಡವಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿದರು.

"ಇಲಿ ಅಂದ್ರೆ ಗಣಪತಿ ವಾಹನ ತಾನೇ?" ಎಂದರು. "ದೋಷವಿಲ್ಲ. ಮುಂದಿನದು ನವಗ್ರಹ, ಎಲ್ಲರೂ ಅಕ್ಷತೆ ತಗೊಳ್ಳಿ."

ಸ್ಯಾಂಪಲ್ಲಿನ ಕರಿ ಚುಕ್ಕೆ

ಉಳಿದ ಟ್ಯೂಬುಗಳನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನವೇ ಅಟ್ಲಾಂಟಾಗೆ ಓಡಿದೆವು. ಪ್ರೊಫೆಸರ್ ಚರ್ಚ್ ಮುಗಿಸಿ ಲ್ಯಾಬಿಗೆ ಬಂದಿದ್ದರು. ಅವರ ಮುಖ ಸಪ್ಪಗಿತ್ತು. ವರ್ಷಗಳ ದುಡಿಮೆ, ಪೇಪರು, ಹೆಸರು, ಎಲ್ಲ ಒಂದು ಸ್ಟೀಲ್ ಡಬ್ಬಿ ಮೊಸರನ್ನದ ಕೆಳಗೆ ಕೂತಿದ್ದವು.

"ಹನಿ, ಕೆಟ್ಟ ಸುದ್ದಿ," ಎಂದರು ನನ್ನ ಕೈ ಹಿಡಿದು. "ನಿಮ್ಮ ಆಂಟಿಬಾಡಿ ದಾರಿಯಲ್ಲಿ ಗಟ್ಟಿಯಾಗಿಬಿಟ್ಟಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದೆ, ತುಂಬ ಬ್ಯಾಕ್ಟೀರಿಯಾ. ಅದು ಹೋಗಲಿ, ಆ ದುಂಡನೆಯ ಕರಿ ಚುಕ್ಕೆಗಳಿವೆಯಲ್ಲ, ಅಂಥದ್ದನ್ನು ನಲವತ್ತು ವರ್ಷದಲ್ಲಿ ನಾನು ನೋಡಿಲ್ಲ. ಏನದು?"

"ಸಾಸಿವೆ," ಎಂದೆ.

ವಿಷಯ ತಿಳಿದ ಮೇಲೆ ಅವರು ನಕ್ಕು ನಕ್ಕು ಕುರ್ಚಿಯಲ್ಲಿ ಕೂತರು. ಮರುದಿನವೇ ಪರೀಕ್ಷೆ. ಒಂದೊಂದು ಸ್ಲೈಡನ್ನೂ ನಾನೇ ಮಾಡಿದೆ. ನಮ್ಮ ಆಂಟಿಬಾಡಿ ಒಂದರಲ್ಲೂ ತಪ್ಪಲಿಲ್ಲ: ಕೆಟ್ಟದ್ದನ್ನು ಕೆಟ್ಟದ್ದೆಂದಿತು, ಸರಿಯಾದದ್ದನ್ನು ಸುಮ್ಮನೆ ಬಿಟ್ಟಿತು. ನಮ್ಮ ಬಳಗದ ಹಿರಿಯರಲ್ಲಿ ಇಷ್ಟು ವಿವೇಕವನ್ನು ನಾನು ಕಂಡಿಲ್ಲ.

ಹೊರಡುವಾಗ ಪ್ರೊಫೆಸರ್ ಕೇಳಿದರು, "ಆ ಕೆಟ್ಟುಹೋದ ಸ್ಯಾಂಪಲ್ ಇಲ್ಲೇ ಬಿಟ್ಟು ಹೋಗ್ತೀಯಾ, ಹನಿ? ವಿದ್ಯಾರ್ಥಿನಿ ಆಗಲೇ ಅರ್ಧ ತಿಂದಿದ್ದಾಳೆ."

ಸರಿಸಮ

ಈಗ ಹೆಸರಿನ ಮಾತು. ನನ್ನ ಎಂ.ಎಸ್ಸಿ. ಪದವಿ ಪತ್ರದಲ್ಲಿರುವುದು ಎಚ್. ವಿ. ಶಾರದ. ನಮ್ಮೂರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾನು. ಅಟ್ಲಾಂಟಾದ ಪ್ರೊಫೆಸರ್ ನನ್ನ ಹೆಸರು ಕೇಳಿದಾಗ ಹೆಮ್ಮೆಯಿಂದ ಅದನ್ನೇ ಹೇಳಿ ಬರೆದುಕೊಟ್ಟಿದ್ದೆ. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಯಜಮಾನರ ಹೆಸರು ನನ್ನ ಹೆಸರಿನ ಕೊನೆಗೆ ಅಂಟಿಕೊಂಡು, ಗೈದರ್ಸ್‌ಬರ್ಗ್‌ನ ಲ್ಯಾಬಿನಲ್ಲಿ ನಾನು ಎಸ್. ರಾಮಮೂರ್ತಿ, ಬಾಯಿಮಾತಿನಲ್ಲಿ ಮಿಸೆಸ್ ಆರ್. ಆ 'ಎಸ್' ಏನೆಂದು ಬಾಸ್ ಒಮ್ಮೆಯೂ ಕೇಳಿದವರಲ್ಲ. ಸಾವಿರಾರು ಪ್ರೋಟೀನುಗಳ ನಡುವೆ ಒಂದನ್ನು ಗುರುತಿಸುವುದು ಅವರ ಬದುಕಿನ ಸಾಧನೆ. ಮೂರು ಜನರ ಲ್ಯಾಬಿನಲ್ಲಿ ಒಬ್ಬಳ ಹೆಸರು ತಿಳಿಯುವುದು ಅವರ ಕ್ಷೇತ್ರವಲ್ಲ.

ಪೇಪರಿನ ಮೊದಲ ಕರಡಿನಲ್ಲಿ ನಾನು ನಾಲ್ಕನೆಯವಳು. ಎರಡನೆಯದರಲ್ಲಿ ಆರನೆಯವಳು; ಲ್ಯಾಬಿಗೆ ಕಾಲಿಡದ ಇಬ್ಬರು ದೊಡ್ಡವರು ನಡುವೆ ಬಂದು ಕೂತಿದ್ದರು. ಮೂರನೆಯದರಲ್ಲಿ ಮತ್ತೆ ಕೃತಜ್ಞತೆಗೆ ಇಳಿದಿದ್ದೆ.

ಹೋಗಿ ಬಾಸ್ ಎದುರು ನಿಂತೆ. "ಲೇಖಕರು ಜಾಸ್ತಿಯಾದರು, ಮಿಸೆಸ್ ಆರ್.," ಎಂದರು ಕಿಟಕಿ ನೋಡುತ್ತ.

"ಪರವಾಗಿಲ್ಲ ಸರ್. ಆಂಟಿಬಾಡಿ ಮಾಡಿದ ವಿಧಾನದ ಭಾಗ ಇನ್ನೂ ಬರೆದಿಲ್ಲವಲ್ಲ, ಅದನ್ನ ಆ ದೊಡ್ಡವರೇ ಬರೀತಾರಾ?"

ಸಂಜೆಯೊಳಗೆ ಎಸ್. ರಾಮಮೂರ್ತಿ ನಾಲ್ಕನೆಯ ಸ್ಥಾನಕ್ಕೆ ಮರಳಿ ಬಂದಿದ್ದಳು. ಕರಡು ಅಟ್ಲಾಂಟಾಗೆ ಫ್ಯಾಕ್ಸ್ ಆಯಿತು.

ಅಲ್ಲಿಂದ ಬೆಂಕಿಯಂಥ ಉತ್ತರ ಬಂತು. ಫ್ಯಾಕ್ಸ್ ಯಂತ್ರ ನನ್ನ ಮೇಜಿನ ಪಕ್ಕದಲ್ಲೇ ಇತ್ತು, ಓದದಿರುವುದು ಹೇಗೆ? 'ಈ ರಾಮಮೂರ್ತಿ ಯಾರೋ ನಾನು ಕೇಳಿಲ್ಲ. ಸ್ಲೈಡುಗಳ ಕೆಲಸವೆಲ್ಲ ಎಚ್. ವಿ. ಶಾರದ ಅವರದು. ಆಕೆಯ ಶ್ರಮವನ್ನು ಯಾವುದೋ ಗಂಡಸಿಗೆ ಕಟ್ಟಲು ನಾನು ಬಿಡುವುದಿಲ್ಲ. ಆಕೆಯ ಹೆಸರಿಲ್ಲದಿದ್ದರೆ ನನ್ನ ಸ್ಲೈಡುಗಳೂ ಇಲ್ಲ.'

ಬಾಸ್ ಫ್ಯಾಕ್ಸ್ ಹಿಡಿದು ನನ್ನ ಹತ್ತಿರವೇ ಬಂದರು. "ನೋಡಿದಿರಾ? ತಮ್ಮ ಕಡೆಯ ಯಾರನ್ನೋ ತುರುಕುತ್ತಿದ್ದಾರೆ. ನೀವು ಅಲ್ಲಿಗೆ ಹೋಗಿದ್ದಿರಲ್ಲ, ಈ ಶಾರದ ಯಾರು? ಭೇಟಿಯಾಗಿದ್ದಿರಾ?"

ಮುಖ ಗಂಭೀರವಾಗಿಟ್ಟುಕೊಳ್ಳುವ ಅಭ್ಯಾಸ ಅಷ್ಟು ವರ್ಷ ಮಾಡಿದ್ದೇಕೆಂದು ಆಗ ತಿಳಿಯಿತು. "ಚೆನ್ನಾಗಿ ಪರಿಚಯ ಸರ್. ಚಿಕ್ಕಂದಿನಿಂದ."

"ಕೆಲಸದಲ್ಲಿ ಹೇಗೆ?"

"ಫಸ್ಟ್ ಕ್ಲಾಸ್."

"ನಿಮ್ಮಷ್ಟು ಒಳ್ಳೆಯವಳಾ?"

"ಸರಿಸಮ ಸರ್. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ."

ಬಾಸ್ ನಿಟ್ಟುಸಿರು ಬಿಟ್ಟರು. ಇನ್ನೂ ನಾಲ್ಕಾರು ಫ್ಯಾಕ್ಸುಗಳು ಹೋದವು, ಬಂದವು. ಬಾಸ್ ರಾಮಮೂರ್ತಿಯನ್ನು ಬಿಡಲಾರರು, ಪ್ರೊಫೆಸರ್ ಶಾರದೆಯನ್ನು ಬಿಡಲಾರರು. ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ಆದರೆ ಮಾತು ಬಿಟ್ಟಿದ್ದರಲ್ಲ. ಕೊನೆಗೆ ಇಬ್ಬರು ದೊಡ್ಡ ವಿಜ್ಞಾನಿಗಳು ದೊಡ್ಡ ಮನಸ್ಸು ಮಾಡಿ ರಾಜಿಯಾದರು.

ಪೇಪರ್ ಅಚ್ಚಾಗಿ ಬಂತು. ಲೇಖಕರ ಸಾಲಿನಲ್ಲಿ ನಾಲ್ಕನೆಯದು ಎಸ್. ರಾಮಮೂರ್ತಿ, ತಲೆಯ ಮೇಲೆ ಒಂದು ನಕ್ಷತ್ರ. ಐದನೆಯದು ಎಚ್. ವಿ. ಶಾರದ, ತಲೆಯ ಮೇಲೆ ಇನ್ನೊಂದು ನಕ್ಷತ್ರ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ: 'ಈ ಇಬ್ಬರು ಲೇಖಕರು ಈ ಕೆಲಸಕ್ಕೆ ಸಮಾನವಾಗಿ ದುಡಿದಿದ್ದಾರೆ.'

ಹೈಸ್ಕೂಲಿನಲ್ಲಿದ್ದ ಮಗಳು ಅದನ್ನು ಎರಡು ಸಲ ಓದಿದಳು. "ಅಮ್ಮ, ವೇಟ್. ಯು ಆರ್ ಟೂ ಪೀಪಲ್?"

"ನಿನಗೆ ಈಗ ಗೊತ್ತಾಯ್ತಾ?" ಎಂದೆ.

ಯಜಮಾನರು ಕನ್ನಡಕ ಹಾಕಿಕೊಂಡು ಓದಿ, "ಅದ್ರಲ್ಲಿ ಒಬ್ಬಳಿಗೆ ನನ್ನ ಹೆಸರೂ ಇದೆ," ಎಂದು ಊರಿಗೆಲ್ಲ ಫೋನ್ ಮಾಡಿದರು.

ಮರುದಿನ ಲ್ಯಾಬಿನಲ್ಲಿ ಕೇಕ್ ಕತ್ತರಿಸಿದ ಮೇಲೆ ಬಾಸ್ ನನ್ನನ್ನು ಪಕ್ಕಕ್ಕೆ ಕರೆದರು. ಬಹಳ ಯೋಚಿಸಿ ಬಂದವರ ಮುಖ. "ಮಿಸೆಸ್ ಆರ್., ನಾನು ಆ ಶಾರದ ಬಗ್ಗೆ ತಪ್ಪು ತಿಳಿದಿದ್ದೆ. ಆಕೆಯ ಸ್ಲೈಡುಗಳನ್ನು ಮತ್ತೆ ನೋಡಿದೆ, ನಿಮ್ಮ ಕೈಯ ಹಾಗೇ ಇದೆ ಆಕೆಯ ಕೈ. ಆಕೆಯನ್ನೂ ಇಲ್ಲಿಗೇ ಕರೆಸಿಕೊಂಡರೆ ಹೇಗೆ? ನೀವಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಈ ಲ್ಯಾಬಿನಲ್ಲೇ ಇದ್ದರೆ ಎಷ್ಟು ಕೆಲಸ ಆಗಬಹುದು, ಯೋಚನೆ ಮಾಡಿ!"

"ಬೇಡ ಸರ್," ಎಂದೆ. "ಅವಳೂ ಇಲ್ಲಿಗೆ ಬಂದುಬಿಟ್ಟರೆ ನಮ್ಮನೇಲಿ ಅಡುಗೆ ಯಾರು ಮಾಡ್ತಾರೆ?"